ಅಪ್ಪಯ್ಯ ನೋಡಿದ ಕಿವುಡು ಇಲಿಗಳು

ಲ್ಯಾಬಿನಲ್ಲಿ ನನಗೆ ಇಲಿಗಳ ಕೆಲಸ ಸಿಕ್ಕಿದೆ ಎಂದಾಗ ಅಪ್ಪಯ್ಯ, "ಇಲಿಗೆ ಸಂಬಳ ಕೊಡ್ತಾರಾ? ನಮ್ಮ ಹೋಟೆಲಿಗೆ ಬಾ, ಬೇಕಾದಷ್ಟು ಉಂಟು" ಎಂದರು.

ಉಡುಪಿ ಕಡೆಯಿಂದ ಬಂದ ಅವರು ಚೆನ್ನೈಯ ತ್ರಿಪ್ಲಿಕೇನಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮದುವೆಗೆ ಮೊದಲಿನಿಂದಲೂ ಸಪ್ಲೈಯರ್. ಮೂವತ್ತು ದಾಟುವ ಹೊತ್ತಿಗೆ ಅವರ ಕಿವಿ ಮಂದವಾಗಿತ್ತು. ಅಜ್ಜನಿಗೂ ಹಾಗೇ ಆಗಿತ್ತಂತೆ. ಆದರೂ ಅವರು ತಂದ ಆರ್ಡರ್ ತಪ್ಪಿದ್ದು ಕಡಿಮೆ. ತಮಿಳಿರಲಿ, ತೆಲುಗಿರಲಿ, ಗಿರಾಕಿಯ ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ದಪ್ಪ ಮೀಸೆಯವರು ಬಂದರೆ ಮಾತ್ರ ಮೆನು ಕಾರ್ಡ್ ಮುಂದೆ ಹಿಡಿದು, "ಬೆರಳು ಇಡಿ ಸಾರ್" ಎನ್ನುವರು.

ನಮ್ಮ ಲ್ಯಾಬಿನ ಇಲಿಗಳು ಹುಟ್ಟಿದಾಗ ಎಲ್ಲ ಇಲಿಗಳಂತೆಯೇ ಇರುತ್ತವೆ. ವಂಶದಲ್ಲಿ ಇಳಿದುಬಂದ ಒಂದು ದೋಷದಿಂದಾಗಿ ಕೆಲವು ವಾರಗಳಲ್ಲಿ ಒಳಕಿವಿಯ ಕೂದಲ ಕೋಶಗಳು ಒಂದೊಂದಾಗಿ ಸಾಯುತ್ತವೆ. ಶಬ್ದವನ್ನು ಹಿಡಿದು ನರಕ್ಕೆ ದಾಟಿಸುವುದು ಆ ಕೋಶಗಳೇ. ಅವು ಹೋದರೆ ಇಲಿ ಕಿವುಡು. ನಮ್ಮ ಮನೆಯಲ್ಲಿರುವುದೂ ಅದೇ ದೋಷವೋ ಬೇರೆಯೋ, ಯಾರೂ ಪರೀಕ್ಷಿಸಿರಲಿಲ್ಲ. ನಾನು ಈ ಕೆಲಸ ಆರಿಸಿಕೊಂಡದ್ದು ಯಾಕೆಂದು ಅಪ್ಪಯ್ಯ ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಳೆದ ವರ್ಷ ಅಪ್ಪಯ್ಯನಿಗೆ ಲ್ಯಾಬ್ ತೋರಿಸಲು ಅಲ್ಲಿನ ನಮ್ಮ ಮೇಡಂ ಅನುಮತಿ ಕೊಟ್ಟರು. ಒಂದು ಗುರುವಾರ ಬೆಳಿಗ್ಗೆ ಅಪ್ಪಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಅದರ ಮೇಲೆ ಗೌನು, ತಲೆಗೆ ಟೋಪಿ, ಮೂಗಿಗೆ ಮಾಸ್ಕ್. ಇಲಿಗಳ ಕೋಣೆಗೆ ಹೋದ ಮೇಲೆ ನಾನು ಉತ್ಸಾಹದಿಂದ ವಿವರಿಸತೊಡಗಿದೆ. ಅವರು ತಲೆ ಆಡಿಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು: ಮಾಸ್ಕಿನ ಹಿಂದೆ ನನ್ನ ತುಟಿ ಕಾಣುತ್ತಿರಲಿಲ್ಲ. ಒಂದಕ್ಷರವೂ ಅವರಿಗೆ ಮುಟ್ಟಿರಲಿಲ್ಲ. ನನಗೆ ಬೇಜಾರಾಗಬಾರದೆಂದು ತಲೆ ಆಡಿಸುತ್ತಿದ್ದರು.

ಜೇಬಿನ ಪುಸ್ತಕ ತೆಗೆದು ಬರೆದು ತೋರಿಸಿದೆ. ಆಮೇಲೆ 'ಕ್ಲಿಕ್' ಎಂದು ಸದ್ದು ಮಾಡುವ ಸಣ್ಣ ಪೆಟ್ಟಿಗೆಯನ್ನು ಒತ್ತಿದೆ. ಎಡಗಡೆ ಪಂಜರದಲ್ಲಿದ್ದ, ದೋಷವಿಲ್ಲದ ಇಲಿಗಳ ಕಿವಿಗಳೆಲ್ಲ ಒಮ್ಮೆಗೇ ಅದುರಿದವು. ಬಲಗಡೆಯವು ಸುಮ್ಮನೆ ಮುಖ ತೊಳೆದುಕೊಳ್ಳುತ್ತಿದ್ದವು. ಅಪ್ಪಯ್ಯ ಬಲಗಡೆಯ ಪಂಜರದ ಹತ್ತಿರ ಬಗ್ಗಿದರು. ಅಲ್ಲೊಂದು ತಾಯಿ ಇಲಿ. ಮರಿಯೊಂದು ಗೂಡಿನಿಂದ ಹೊರಗೆ ಉರುಳಿತ್ತು. ಮರಿ ಕೂಗಿದರೂ ತಾಯಿಗೆ ಕೇಳುವುದಿಲ್ಲ ಎಂದು ಬರೆದು ತೋರಿಸಿದೆ. ನಾವಿಬ್ಬರೂ ಕಾದೆವು. ತಾಯಿ ಎದ್ದು ಮೂಸುತ್ತಾ ಬಂದು, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಗೂಡಿಗೆ ಹಾಕಿತು.

"ಜಾಣೆ" ಎಂದರು ಅಪ್ಪಯ್ಯ, ಕೋಣೆಯಲ್ಲಿದ್ದವರೆಲ್ಲ ತಿರುಗುವಷ್ಟು ಜೋರಾಗಿ.

ಹೊರಗೆ ಬಂದು ಮಾಸ್ಕ್ ತೆಗೆದ ಮೇಲೆ ಹೇಳಿದರು: "ನೀನು ತೊಟ್ಟಿಲಲ್ಲಿದ್ದಾಗ ಅಮ್ಮ ಮಧ್ಯಾಹ್ನ ಹೊಲಿಗೆ ಕ್ಲಾಸಿಗೆ ಹೋಗ್ತಿದ್ಳು. ನಾನು ತೊಟ್ಟಿಲಿಗೆ ಒಂದು ದಾರ ಕಟ್ಟಿ ಇನ್ನೊಂದು ತುದಿ ನನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿ ಮಲಗ್ತಿದ್ದೆ. ನೀನು ಒದ್ದಾಡಿದ್ರೆ ನನಗೆ ಎಚ್ಚರ."

"ಅಮ್ಮನಿಗೆ ಗೊತ್ತಿತ್ತಾ?"

"ಈಗ ಹೇಳ್ಬೇಡ ಮಾರಾಯ್ತಿ."

ಇಲಿಗಳ ಒಳಕಿವಿಯನ್ನು ಮೈಕ್ರೋಸ್ಕೋಪಿನಲ್ಲೂ ತೋರಿಸಿದೆ. ಒಳ್ಳೆಯ ಕಿವಿಯಲ್ಲಿ ಬಣ್ಣ ಹಾಕಿದ ಕೋಶಗಳು ಸಾಲಾಗಿ ಹಸಿರು ಹೊಳೆಯುತ್ತಿದ್ದವು. ಕಿವುಡು ಕಿವಿಯಲ್ಲಿ ಅಲ್ಲಲ್ಲಿ ಖಾಲಿ. ಅಪ್ಪಯ್ಯ ತುಂಬಾ ಹೊತ್ತು ನೋಡಿದರು.

"ಪಂಕ್ತಿಯಲ್ಲಿ ಜನ ಎದ್ದು ಹೋದ ಹಾಗೆ ಉಂಟು. ಹೋದವರು ತಿರುಗಿ ಬರ್ತಾರಾ?"

"ಇಲ್ಲ ಅಪ್ಪಯ್ಯ. ಬರುವ ಹಾಗೆ ಮಾಡ್ಲಿಕ್ಕೆ ಆಗ್ತದಾ ಅಂತ ಎಷ್ಟೋ ಜನ ನೋಡ್ತಿದ್ದಾರೆ."

ಆ ವಾರವೇ ನಾನು ಕಿವಿ ಪರೀಕ್ಷೆ ಮಾಡಿಸಿಕೊಂಡೆ. ವರ್ಷಗಳಿಂದ ಮುಂದೂಡುತ್ತಾ ಬಂದಿದ್ದೆ. ಎರಡೂ ಕಿವಿಗಳಿಗೆ ಎತ್ತರದ ಸ್ವರಗಳು ಕೇಳಿಸುವುದು ಕಡಿಮೆಯಾಗತೊಡಗಿತ್ತು. ಮನೆಯಲ್ಲಿ ಹೇಳಲು ಹದಿನೈದು ದಿನ ಬೇಕಾಯಿತು. ಹೇಳಿದಾಗ ಅಪ್ಪಯ್ಯ ಕಾಫಿ ಲೋಟವನ್ನು ಕೆಳಗಿಟ್ಟು, "ನನ್ನಿಂದ ಬಂದದ್ದು" ಎಂದರು. ಮುಖ ಸಣ್ಣದಾಗಿತ್ತು.

"ಈ ಮೂಗೂ ನಿಮ್ಮಿಂದಲೇ ಬಂದದ್ದು. ಅದಕ್ಕೆ ಒಂದು ದಿನವಾದ್ರೂ ಹೀಗೆ ಕೂತ್ರಾ?" ಎಂದೆ. ಅಮ್ಮ ಒಳಗಿನಿಂದಲೇ ನಕ್ಕಳು. ಅಪ್ಪಯ್ಯ ನಗಲಿಲ್ಲ.

ಭಾನುವಾರ ಬೆಳಿಗ್ಗೆ ಮಾತ್ರ, "ಹೊರಡು" ಎಂದು ಹೋಟೆಲಿಗೆ ಕರೆದುಕೊಂಡು ಹೋದರು. ಮೂಲೆಯ ಟೇಬಲ್ಲಿನಲ್ಲಿ ಕೂರಿಸಿ, ದೂರದ ಒಬ್ಬ ಹೆಂಗಸನ್ನು ಕಣ್ಣಿನಲ್ಲೇ ತೋರಿಸಿದರು.

"ಎಂತ ಕೇಳಿದ್ಲು?"

"ಬೋಂಡ?"

"ಪೊಂಗಲ್. ಎರಡಕ್ಕೂ ತುಟಿ ಮುಚ್ಚುವುದು ಒಂದೇ ರೀತಿ. ಆಮೇಲೆ ನಾಲಗೆ ನೋಡ್ಬೇಕು. ಬೋಂಡಕ್ಕೆ ಅದು ನಡುವೆಯೇ ಮೇಲೆ ತಾಗ್ತದೆ, ಪೊಂಗಲ್ಲಿಗೆ ಕೊನೆಗೆ."

ಅವತ್ತು ಹನ್ನೊಂದು ಟೇಬಲ್ ನೋಡಿದೆ, ನಾಲ್ಕು ಸರಿ. ಮೊದಲ ದಿನಕ್ಕೆ ಸಾಕು ಎಂದರು. ನಾನು ಒಂದು ಷರತ್ತು ಹಾಕಿದೆ: ನಾನು ಇಲ್ಲಿ ಕಲಿಯಲು ಬರುತ್ತೇನೆ, ಆದರೆ ಅವರು ಕಿವಿಗೆ ಯಂತ್ರ ಹಾಕಿಸಿಕೊಳ್ಳಬೇಕು. ಇಪ್ಪತ್ತು ವರ್ಷದಿಂದ ಅಮ್ಮನ ಮಾತಿಗೆ ಒಪ್ಪದವರು ಒಪ್ಪಿಕೊಂಡರು.

ಈಗ ಯಂತ್ರ ಬಂದಿದೆ. ತಟ್ಟೆ ಪಾತ್ರೆಗಳ ಸದ್ದಿಗೆ ತಲೆ ಸಿಡಿಯುತ್ತದೆಂದು ಹೋಟೆಲಿನಲ್ಲಿ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಹಾಕಿಕೊಳ್ಳುತ್ತಾರೆ. ಮೊನ್ನೆ ಅಮ್ಮ ಅಡಿಗೆಮನೆಯಲ್ಲಿ ತನ್ನಷ್ಟಕ್ಕೇ ಗೊಣಗುತ್ತಿದ್ದಳು. ಅಪ್ಪಯ್ಯ ಬಾಗಿಲ ಹತ್ತಿರ ಹೋಗಿ ನಿಂತು, "ಅದು ನನಗೆ ಹೇಳಿದ್ದಾ?" ಎಂದರು. ಅಮ್ಮ ಬೆಚ್ಚಿಬಿದ್ದು ಸೌಟು ಕೆಳಗೆ ಹಾಕಿದಳು.