ಕಾಲ ಬುಡದ ಓರೆ ಡಬ್ಬಿ

ವಾದ್ಯಮೇಳದಲ್ಲಿ ಹಾಡುವವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಯಜಮಾನರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೇಳದವರೇ ಅವರನ್ನು ಡಬ್ಬಿಯಣ್ಣ ಅನ್ನುತ್ತಿದ್ದರು. ಅವರು ಹೋಗಿ ಐದು ತಿಂಗಳಾಯಿತು. ಇಷ್ಟು ವರ್ಷ ಅವರು ಮಾಡಿದ ಕೆಲಸ ಏನು ಎಂದು ನೆಂಟರು ಈಗಲೂ ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವೇದಿಕೆಯ ಮೇಲೆ ಹಾಡುವವರ ಕಾಲ ಬುಡದಲ್ಲಿ ಒಂದು ಕಪ್ಪು ಸ್ಪೀಕರ್ ಡಬ್ಬಿ ಓರೆಯಾಗಿ ಮಲಗಿರುತ್ತದೆ. ಅದಕ್ಕೆ ಮಾನಿಟರ್ ಅನ್ನುತ್ತಾರೆ. ಅದರ ಬಾಯಿ ಜನರ ಕಡೆಗಲ್ಲ, ಹಾಡುವವರ ಮುಖದ ಕಡೆಗೆ. ಜನರಿಗೆ ಕೇಳಿಸುವುದು ವೇದಿಕೆಯ ಎರಡು ಪಕ್ಕದ ದೊಡ್ಡ ಸ್ಪೀಕರಿನಿಂದ. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಬೇಕಲ್ಲ, ಅದಕ್ಕೆ ಈ ಡಬ್ಬಿ. ನುಡಿಸುವವರಿಗೂ ಒಬ್ಬೊಬ್ಬರಿಗೆ ಒಂದೊಂದು. ಯಾರ ಡಬ್ಬಿಯಲ್ಲಿ ಯಾರ ಸದ್ದು ಎಷ್ಟು ಬರಬೇಕು ಎಂದು ಪಕ್ಕದ ಪರದೆಯ ಹಿಂದೆ ನಿಂತು ಹದ ಮಾಡುವುದು ಇವರ ಕೆಲಸ. ಇಪ್ಪತ್ತೆಂಟು ವರ್ಷ ಮಾಡಿದರು. ಒಂದು ಚಪ್ಪಾಳೆಯೂ ಬೀಳಲಿಲ್ಲ. ಕೆಲಸ ಸರಿಯಾದ ದಿನ ಅಲ್ಲೊಬ್ಬ ಮನುಷ್ಯ ಇದ್ದಾನೆ ಅನ್ನುವುದೇ ಯಾರಿಗೂ ತಿಳಿಯುತ್ತಿರಲಿಲ್ಲ. ಕೆಟ್ಟ ದಿನ ಮಾತ್ರ ಎಲ್ಲರ ಕಣ್ಣೂ ಪರದೆಯ ಕಡೆಗೆ ತಿರುಗುತ್ತಿತ್ತು.

ಮನೆಯಲ್ಲೂ ಅದೇ ಕಿವಿ. ಕುಕ್ಕರ್ ಕೂಗಿದರೆ ನಾನು ಸೀಟಿ ಎಣಿಸುತ್ತಿದ್ದೆ, ಅವರು ಅದು ಯಾವ ಸ್ವರ ಎಂದು ಹೇಳುತ್ತಿದ್ದರು. ಪಕ್ಕದ ಮನೆಯ ಕುಕ್ಕರ್ ನಮ್ಮದಕ್ಕಿಂತ ಅರ್ಧ ಸ್ವರ ಕೆಳಗೆ ಎಂದು ಒಮ್ಮೆ ಆ ಮನೆಯಾಕೆಗೇ ಹೇಳಿದರು. ಆಕೆ ಒಂದು ವಾರ ಮುಖ ಊದಿಸಿಕೊಂಡಿದ್ದಳು.

ವೇದಿಕೆಯ ಮೇಲೆ ಮಾತಾಡಲು ಆಗುವುದಿಲ್ಲವಲ್ಲ, ಕೈಸನ್ನೆ ಇತ್ತು. ಯಾರ ಸದ್ದೋ ಅವರ ಕಡೆ ಬೆರಳು ತೋರಿಸಿ ಅಂಗೈ ಮೇಲೆ ಮಾಡಿದರೆ ಅದು ಹೆಚ್ಚಾಗಬೇಕು. ಅಂಗೈ ಕೆಳಗೆ ಮಾಡಿದರೆ ಕಡಿಮೆಯಾಗಬೇಕು. ಕೈಯನ್ನು ಮಟ್ಟವಾಗಿ ಚಾಚಿ ಹಾಗೇ ಹಿಡಿದರೆ, ಹದ ಸರಿಯಾಗಿದೆ, ಇನ್ನು ಮುಟ್ಟಬೇಡ ಎಂದು. ನಮ್ಮ ಮಗಳು ಮಾತು ಕಲಿಯುವ ಮೊದಲು ಇದನ್ನು ಕಲಿತಳು. ಊಟಕ್ಕೆ ಕೂತರೆ ಸಾರಿನ ಕಡೆ ಬೆರಳು ತೋರಿಸಿ ಅಂಗೈ ಮೇಲೆ ಮಾಡುತ್ತಿದ್ದಳು.

ಅವರ ಕೆಲಸ ಎಂಥದ್ದು ಎಂದು ನನಗೆ ಸರಿಯಾಗಿ ತಿಳಿದದ್ದು ದೊಡ್ಡಕ್ಕನ ವಿಷಯದಲ್ಲಿ.

ದೊಡ್ಡಕ್ಕ ಅಂದರೆ ಮೇಳದ ಹಾಡುಗಾರ್ತಿ. ಐವತ್ತು ದಾಟಿತ್ತು. ಆ ವರ್ಷ ಜ್ವರ ಬಂದು ಎರಡು ತಿಂಗಳು ಹಾಸಿಗೆ ಹಿಡಿದರು. ಎದ್ದು ಬಂದ ಮೇಲೆ ಮೊದಲಿನಂತೆ ಹಾಡಲು ಆಗಲಿಲ್ಲ. ವೇದಿಕೆಯಲ್ಲಿ ಕಿರುಚುತ್ತಿದ್ದರು, ಸ್ವರ ಜಾರುತ್ತಿತ್ತು. ಮೂರು ಕಾರ್ಯಕ್ರಮ ಹಾಗೇ ಆಯಿತು. ಮೇಳದ ಯಜಮಾನಿಕೆ ಕೀಬೋರ್ಡ್ ನುಡಿಸುವ ಮಾಸ್ಟರದು. ಒಳ್ಳೆಯ ಮನುಷ್ಯ, ಆದರೆ ಮೇಳ ನಡೆಯಬೇಕಲ್ಲ. ಎಲ್ಲರ ಮುಂದೆಯೇ ಹೇಳಿಬಿಟ್ಟರು.

"ದೊಡ್ಡಕ್ಕ, ಬರೋ ಶನಿವಾರ ದೊಡ್ಡ ಸಭಾಂಗಣದಲ್ಲಿ ನೀವೇ ಹಾಡಿ. ಅವತ್ತೂ ಹೀಗೇ ಆದ್ರೆ ಆಮೇಲೆ ಬೇರೆಯವರನ್ನ ನೋಡ್ತೀನಿ. ಬೇಜಾರು ಮಾಡ್ಕೋಬೇಡಿ."

ದೊಡ್ಡಕ್ಕ "ಆಗ್ಲಿ ಮಾಸ್ಟರ್" ಎಂದು ಚೀಲ ಎತ್ತಿಕೊಂಡು ಮನೆಗೆ ಹೋದರು. ಅವರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಇದ್ದದ್ದು ಆ ಹಾಡು ಒಂದೇ.

ನಮ್ಮ ಯಜಮಾನರು ಮನೆಗೆ ಬಂದು ಊಟ ಮುಟ್ಟಲಿಲ್ಲ.

"ಗಂಟಲು ಹೋಗಿದೆ ಅಂತಾರೆ ಎಲ್ರೂ. ಮೆಟ್ಟಿಲು ಹತ್ತುವಾಗ ಗುನುಗ್ತಾರೆ ಕಣೇ, ಕೂದಲೆಳೆಯಷ್ಟು ತಪ್ಪಲ್ಲ. ವೇದಿಕೆ ಹತ್ತಿದ್ರೆ ಮಾತ್ರ ತಪ್ಪುತ್ತೆ. ಅಂದ್ಮೇಲೆ ತಪ್ಪು ಗಂಟಲಿಂದಲ್ಲ. ನಂದು."

"ನಿಮ್ದು ಹೇಗ್ರೀ?"

"ಅವ್ರಿಗೆ ಅವ್ರು ಕೇಳಿಸ್ತಿಲ್ಲ."

ಮೇಳದ ಅಭ್ಯಾಸದ ಕೋಣೆ ಒಂದು ಸೈಕಲ್ ಅಂಗಡಿಯ ಮಹಡಿಯಲ್ಲಿತ್ತು. ನಾನು ಕೆಲಸ ಮಾಡುತ್ತಿದ್ದ ಬಟ್ಟೆ ಹೊಲಿಯುವ ಅಂಗಡಿ ಅದೇ ರಸ್ತೆಯಲ್ಲಿ ನಾಲ್ಕು ಬಾಗಿಲು ಆಚೆ. ಮರುದಿನ ಮಧ್ಯಾಹ್ನ ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯಲು ಬಿಡದೆ ನನ್ನನ್ನು ಕರೆದುಕೊಂಡು ಹೋದರು. ದೊಡ್ಡಕ್ಕ ಅವತ್ತು ಬಂದಿರಲಿಲ್ಲ. ಅವರು ನಿಲ್ಲುವ ಜಾಗದಲ್ಲಿ, ಅವರ ಮೈಕಿನ ಮುಂದೆ ನನ್ನನ್ನು ನಿಲ್ಲಿಸಿದರು.

"ನಂಗೆ ಹಾಡೋಕೆ ಬರಲ್ಲ."

"ಬರದೇ ಇರೋರೇ ಬೇಕು. ಇವ್ರೆಲ್ಲ ನುಡಿಸ್ತಾರೆ. ನೀನು ಮಾತಾಡ್ತಾ ಇರು. ಏನು ಕೇಳುತ್ತೆ ಹೇಳು."

ಏನು ಮಾತಾಡುವುದು ಎಂದು ತೋಚಲಿಲ್ಲ. ಒಂದು, ಎರಡು, ಮೂರು ಎಂದೆ. ಹಿಂದೆ ಡ್ರಮ್ ಶುರುವಾಯಿತು. ಡ್ರಮ್ ಬಾರಿಸುವವನನ್ನು ಗುಡುಗಣ್ಣ ಅನ್ನುತ್ತಿದ್ದರು, ಯಾಕೆ ಎಂದು ಆಗ ತಿಳಿಯಿತು. ಎಡಗಡೆ ಗಿಟಾರಿನವನು. ಅವನ ಮೀಸೆ ದೊಡ್ಡದು, ಮೀಸೆ ಎಂದೇ ಕರೆಯುತ್ತಿದ್ದರು.

"ಏನು ಕೇಳ್ತು?"

"ಡ್ರಮ್ಮು."

"ಆಮೇಲೆ?"

"ಗಿಟಾರು. ಎಡಗಿವಿ ಹೋಯ್ತು."

"ನಿನ್ನ ದನಿ?"

"ನಾನು ಮಾತಾಡಿದ್ನಾ?"

ಎಲ್ಲರೂ ನಕ್ಕರು. ಇವರು ನಗಲಿಲ್ಲ. ಮಾಸ್ಟರ ಕಡೆ ತಿರುಗಿ ವಿಷಯ ಹೇಳಿದರು. ದೊಡ್ಡಕ್ಕ ಮಲಗಿದ್ದ ಎರಡು ತಿಂಗಳು ಮೇಳ ಬರೀ ವಾದ್ಯ ನುಡಿಸಿತ್ತು. ಆಗ ಮೀಸೆ ತನ್ನದು ಸ್ವಲ್ಪ ಹೆಚ್ಚಿಸು ಅಂದ. ಅದರಿಂದ ಗುಡುಗಣ್ಣನಿಗೆ ಕೇಳಲಿಲ್ಲ, ಅವನೂ ಜೋರು ಮಾಡಿದ. ಮಾಸ್ಟರೂ ಹೆಚ್ಚಿಸಿಕೊಂಡರು. ದಿನಕ್ಕೆ ಒಂದು ಕೂದಲಷ್ಟು. ಯಾರಿಗೂ ಗೊತ್ತಾಗಲಿಲ್ಲ. "ಕೇಳಿದಾಗೆಲ್ಲ ಹೆಚ್ಚಿಸಿದೋನು ನಾನು. ಅದೇ ತಪ್ಪು" ಎಂದರು.

ಆಮೇಲೆ ಎಲ್ಲ ಡಬ್ಬಿಗಳನ್ನೂ ಆರಿಸಿಬಿಟ್ಟರು.

"ಡಬ್ಬಿಯಣ್ಣ, ಏನಿದು? ಕಿವುಡರ ಸಭೆನಾ?" ಎಂದ ಮೀಸೆ.

"ಹಾಗೇ ನುಡಿಸು."

ಬರೀ ಕೋಣೆಯ ಸದ್ದಿನಲ್ಲಿ ನುಡಿಸಿದರು. ಒಬ್ಬರನ್ನೊಬ್ಬರು ಕಿವಿಗೊಟ್ಟು ಕೇಳಬೇಕಾಯಿತು. ಆಗ ಒಬ್ಬೊಬ್ಬರ ಬಳಿಯೂ ಹೋಗಿ ಒಂದೇ ಪ್ರಶ್ನೆ ಕೇಳಿದರು.

"ಯಾರು ಕೇಳಿಸದೇ ಹೋದ್ರೆ ನೀನು ಬೀಳ್ತೀಯ?"

ಗುಡುಗಣ್ಣ, ಮಾಸ್ಟರು ಅಂದ. ಮಾಸ್ಟರು, ದೊಡ್ಡಕ್ಕ ಅಂದರು. ಮೀಸೆ ಯೋಚನೆ ಮಾಡಿ, "ನಂಗೆ ನಾನೇ" ಅಂದ.

"ನಿಂಗೆ ನಿನ್ನ ಮಾತು ಬಿಟ್ಟು ಬೇರೆ ಕೇಳಲ್ಲ ಅಂತ ನಿನ್ನ ಹೆಂಡತಿ ಹೇಳಿದ್ದು ಸುಳ್ಳಲ್ಲ ಬಿಡು" ಎಂದ ಗುಡುಗಣ್ಣ.

ಒಬ್ಬೊಬ್ಬರು ಹೆಸರು ಹೇಳಿದವರನ್ನು ಮಾತ್ರ ಅವರವರ ಡಬ್ಬಿಗೆ ಹಾಕಿದರು. ಉಳಿದವರನ್ನು ಹಾಕಲಿಲ್ಲ. ಮೀಸೆಯ ಗಿಟಾರಿನ ಸ್ಪೀಕರು ನೆಲದ ಮೇಲಿತ್ತು. ಸದ್ದೆಲ್ಲ ಅವನ ಮೊಣಕಾಲ ಹಿಂಬದಿಗೆ ಬಡಿದು, ಅವನನ್ನು ದಾಟಿ ದೊಡ್ಡಕ್ಕನ ಕಿವಿಗೆ ಹೋಗುತ್ತಿತ್ತು. ಅದನ್ನು ಒಂದು ಮರದ ಸ್ಟೂಲಿನ ಮೇಲಿಟ್ಟು ಅವನ ಕಿವಿಗೇ ನೇರ ಮಾಡಿದರು. ಎರಡು ನಿಮಿಷದಲ್ಲಿ ಮೀಸೆ ತಾನೇ ಹೋಗಿ ಸದ್ದು ತಗ್ಗಿಸಿದ. ಯಾರೂ ಹೇಳಬೇಕಾಗಲಿಲ್ಲ.

ಮತ್ತೆ ನನ್ನನ್ನು ನಿಲ್ಲಿಸಿದರು. ಒಂದು, ಎರಡು, ಮೂರು ಎಂದೆ. ನನ್ನ ದನಿ ಕಾಲ ಬುಡದಿಂದ ಎದ್ದು ನನ್ನ ಮುಖಕ್ಕೇ ಬಂತು. ಅಷ್ಟು ಚೆನ್ನಾಗಿ ನನ್ನ ದನಿ ನಾನು ಯಾವತ್ತೂ ಕೇಳಿರಲಿಲ್ಲ. ಕೈ ಮಟ್ಟವಾಗಿ ಚಾಚಿದೆ. ಅವರು ಪೆನ್ಸಿಲ್ ತೆಗೆದುಕೊಂಡು ಸದ್ದು ಏರಿಸಿ ಇಳಿಸುವ ಪ್ರತಿ ಗುಬಟಿನ ಪಕ್ಕದಲ್ಲೂ ಆ ಹದಕ್ಕೆ ಗೆರೆ ಎಳೆದರು.

ಇನ್ನು ನನ್ನ ತಪ್ಪು ಬರೆಯಬೇಕು.

ಗುರುವಾರ ದೊಡ್ಡಕ್ಕ ನಮ್ಮ ಅಂಗಡಿಗೆ ಬಂದರು. ತಲೆಗೆ ಸ್ಕಾರ್ಫ್ ಕಟ್ಟಿದ್ದರು. ಹಿಂದಿನ ಕೋಣೆಗೆ ಕರೆದು ಬಿಚ್ಚಿ ತೋರಿಸಿದರು. ಜ್ವರದಲ್ಲಿ ಕೂದಲು ಅರ್ಧ ಉದುರಿ ಹೋಗಿತ್ತು.

"ಶನಿವಾರಕ್ಕೆ ಒಂದು ಟೋಪಿ ಹೊಲಿದುಕೊಡಮ್ಮ. ಅಂಚು ಅಗಲ ಇರ್ಲಿ. ದೀಪದ ಬೆಳಕು ತಲೆ ಮೇಲೆ ಬೀಳಬಾರದು. ಯಾರಿಗೂ ಹೇಳಬೇಡ. ನಿನ್ನ ಗಂಡನಿಗೂ."

ಬಾಯಿಗೆ ಬೀಗ ಹಾಕಿಕೊಂಡೆ. ಗಾಢ ನೀಲಿ ಬಟ್ಟೆ. ಅಂಚು ಜೋತು ಬೀಳಬಾರದು ಎಂದು ಒಳಗೆ ಕಾಲರಿಗೆ ಹಾಕುವ ಗಟ್ಟಿ ಬಟ್ಟೆ, ಬಕ್ರಂ, ಎರಡು ಪದರ ಇಟ್ಟು ಸುತ್ತ ಒಂಬತ್ತು ಸಾಲು ಹೊಲಿಗೆ ಹಾಕಿದೆ. ಬಡಿದರೆ ಹಲಗೆಯಂತೆ ಸದ್ದಾಗುತ್ತಿತ್ತು. ನನಗೇ ಹೆಮ್ಮೆಯಾಯಿತು.

ಶನಿವಾರ ಮಧ್ಯಾಹ್ನ ಸಭಾಂಗಣದಲ್ಲಿ ಸದ್ದಿನ ಪರೀಕ್ಷೆ. ದೊಡ್ಡಕ್ಕ ಸ್ಕಾರ್ಫಿನಲ್ಲೇ ಬಂದರು. ಖಾಲಿ ಕುರ್ಚಿಗಳ ಮುಂದೆ ಎರಡು ಸಾಲು ಹಾಡಿ ನಿಲ್ಲಿಸಿದರು. ಆಮೇಲೆ ಪರದೆಯ ಕಡೆ ಕೈ ಮಟ್ಟವಾಗಿ ಚಾಚಿದರು. ಮಾಸ್ಟರು ತಲೆ ತಗ್ಗಿಸಿ ಕೀಬೋರ್ಡ್ ಒರೆಸುತ್ತಿದ್ದರು, ಒರೆಸಲು ಅಲ್ಲಿ ಧೂಳಿರಲಿಲ್ಲ.

ಸಂಜೆ ಸಭಾಂಗಣ ತುಂಬಿತು. ನಾನು ಪರದೆಯ ಹಿಂದೆ ಇವರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ದೊಡ್ಡಕ್ಕ ನೀಲಿ ಟೋಪಿ ಹಾಕಿಕೊಂಡು ಬಂದರು. ಹತ್ತು ವರ್ಷ ಚಿಕ್ಕವರಂತೆ ಕಂಡರು. ಮೈಕಿಗೆ ಬಾಗಿ ಮೊದಲ ಸಾಲು ಎತ್ತಿದರು.

ಕುಂಯ್ ಎಂದು ಕೂಗು ಎದ್ದಿತು. ಸೂಜಿ ಕಿವಿಗೆ ಚುಚ್ಚಿದ ಹಾಗೆ. ಜನ ಕಿವಿ ಮುಚ್ಚಿಕೊಂಡರು. ದೊಡ್ಡಕ್ಕ ಬೆಚ್ಚಿ ನಿಲ್ಲಿಸಿದರು. ಮತ್ತೆ ಎತ್ತಿದರು, ಮತ್ತೆ ಕೂಗಿತು. ಎಲ್ಲರ ಕಣ್ಣೂ ಪರದೆಯ ಕಡೆಗೆ ತಿರುಗಿತು. ಮಾಸ್ಟರು ಹೊತ್ತು ತಳ್ಳಲು ಹಾಡಿನ ಮೊದಲಿನ ವಾದ್ಯದ ಭಾಗವನ್ನೇ ಮತ್ತೆ ಮತ್ತೆ ನುಡಿಸತೊಡಗಿದರು. ದೊಡ್ಡಕ್ಕ ಮೈಕಿನ ಮುಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದರು. ನೋಡಲು ಆಗುತ್ತಿರಲಿಲ್ಲ.

ಇವರು ಗುಬಟುಗಳನ್ನು ನೋಡಿದರು. ಎಲ್ಲ ಪೆನ್ಸಿಲ್ ಗೆರೆಯ ಮೇಲೇ ಇದ್ದವು. ತಲೆ ಎತ್ತಿ ವೇದಿಕೆ ನೋಡಿದರು.

"ತಲೆ ಮೇಲೆ ಅದೇನು?"

"ಟೋಪಿ. ನಾನೇ ಹೊಲಿದದ್ದು."

"ಅಂಚಿನೊಳಗೆ ಏನಿಟ್ಟಿದ್ದೀಯ?"

"ಬಕ್ರಂ. ಎರಡು ಪದರ."

"ಕಾಲ ಬುಡದ ಸದ್ದು ಅದಕ್ಕೆ ಬಡಿದು ನೇರ ಮೈಕಿಗೆ ಬಿದ್ದು, ಮತ್ತೆ ಡಬ್ಬಿಗೆ ಬಂದು ಕೂಗ್ತಿದೆ. ತೆಗೆಸಬಹುದಾ?"

"ತೆಗೆಸಬಾರದು."

"ಯಾಕೆ?"

ಅವರ ಮುಖ ನೋಡಿದೆ ಅಷ್ಟೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಅವರು ಇನ್ನೊಂದು ಸಲ ಕೇಳಲಿಲ್ಲ. "ಸರಿ" ಎಂದರು. ಮೂವತ್ತೊಂದು ವರ್ಷ ಜೊತೆಗಿದ್ದೆ. ಆ 'ಸರಿ'ಯಷ್ಟು ದೊಡ್ಡ ಮಾತು ನನಗೆ ಇನ್ನೊಬ್ಬರು ಹೇಳಿಲ್ಲ.

ದೊಡ್ಡಕ್ಕನ ಡಬ್ಬಿಯ ಸದ್ದು ತಗ್ಗಿಸಿದರೆ ಕೂಗು ನಿಲ್ಲುತ್ತದೆ. ಆದರೆ ತಗ್ಗಿಸಿದರೆ ಅವರ ದನಿ ಅವರಿಗೆ ಕೇಳುವುದಿಲ್ಲ, ಮತ್ತೆ ಕಿರುಚುತ್ತಾರೆ. ಉಳಿದದ್ದು ಒಂದೇ ದಾರಿ. ಇವರು ಪರದೆ ಬಿಟ್ಟು ಹೊರಗೆ ಬಂದರು. ಜನರಿಗೆ ಕಾಣದ ಹಾಗೆ ಬಗ್ಗಿ ಬರಲು ನೋಡಿದರು, ಎಲ್ಲರಿಗೂ ಕಂಡರು. ಯಾರೋ ಸೀಟಿ ಹೊಡೆದರು. ಮೊಣಕಾಲ ಮೇಲೆ ತೆವಳುತ್ತಾ ಮೀಸೆಯ ಎದುರಿಗೆ ಹೋಗಿ ಅವನ ಕಡೆ ಬೆರಳು ತೋರಿಸಿ ಅಂಗೈ ಕೆಳಗೆ ಮಾಡಿದರು. ಮೀಸೆ ತಗ್ಗಿಸಿದ. ಇನ್ನೂ ಎಂದು ಕೈ ಮಾಡಿದರು. ಮೀಸೆ ಒಂದು ಗಳಿಗೆ ಇವರನ್ನು ನೋಡಿ, ದೊಡ್ಡಕ್ಕನನ್ನು ನೋಡಿ, ಪೂರ್ತಿ ತಗ್ಗಿಸಿದ. ತನಗೆ ತಾನೇ ಬೇಕು ಅಂದಿದ್ದವನು ಅವನೇ. ಗುಡುಗಣ್ಣ ಹೇಳಿಸಿಕೊಳ್ಳದೆಯೇ ಕೋಲು ಕೆಳಗಿಟ್ಟು ಮೆತ್ತಗೆ ಬಾರಿಸುವ ತೆಳು ಕಡ್ಡಿಗಳ ಕಟ್ಟು ತೆಗೆದುಕೊಂಡ. ಮಾಸ್ಟರು ಎರಡು ಕೈ ಬಿಟ್ಟು ಒಂದೇ ಕೈಯಲ್ಲಿ ನುಡಿಸಿದರು.

ವೇದಿಕೆ ಮೆತ್ತಗಾಯಿತು. ಇವರು ತೆವಳಿ ವಾಪಸು ಬಂದು ದೊಡ್ಡಕ್ಕನ ಡಬ್ಬಿಯ ಸದ್ದನ್ನು ಪೆನ್ಸಿಲ್ ಗೆರೆಯ ಕೆಳಗೆ ಇಳಿಸಿದರು. ದೊಡ್ಡಕ್ಕನ ಕಡೆ ಬೆರಳು ತೋರಿಸಿ, ಹಾಡಿ ಎಂದು ತಲೆ ಆಡಿಸಿದರು.

ಕೂಗು ಬರಲಿಲ್ಲ. ಅಷ್ಟು ತಗ್ಗಿದ್ದರೂ, ಸುತ್ತ ಎಲ್ಲರೂ ತಗ್ಗಿದ್ದರಿಂದ ದೊಡ್ಡಕ್ಕನಿಗೆ ತಮ್ಮ ದನಿ ಸಿಕ್ಕಿತು. ಮೊದಲ ಸಾಲು ನಡುಗಿತು. ಎರಡನೆಯದು ನಡುಗಲಿಲ್ಲ. ಆಮೇಲೆ ಅವರು ಕಿರುಚಲೇ ಇಲ್ಲ, ಎದುರಿಗೆ ಕೂತವರಿಗೆ ಹೇಳುವ ಹಾಗೆ ಹಾಡಿದರು. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ.

ಮುಗಿದ ಮೇಲೆ ಮಾಸ್ಟರು ವೈರು ಸುತ್ತುತ್ತಾ, ಯಾರ ಮುಖವನ್ನೂ ನೋಡದೆ, "ಮುಂದಿನ ವಾರನೂ ಇದೇ ಹಾಡಿಂದ ಶುರು ಮಾಡೋಣ ದೊಡ್ಡಕ್ಕ" ಎಂದರು. ದೊಡ್ಡಕ್ಕ "ಆಗ್ಲಿ ಮಾಸ್ಟರ್" ಎಂದರು. ಅಷ್ಟೇ. ಅದಾದ ಮೇಲೆ ಹನ್ನೊಂದು ವರ್ಷ ಹಾಡಿದರು.

ಬೈಗುಳಕ್ಕೆ ಸಿದ್ಧವಾಗಿ ಮನೆಗೆ ಬಂದೆ. ಅವರು ಚಪ್ಪಲಿ ಬಿಡುತ್ತಾ ಹೇಳಿದರು.

"ಗುಟ್ಟು ನೀನು ಕಾಪಾಡಿದ್ದು ಸರಿ. ತಲೆಗೆ ಏನು ಹಾಕ್ತೀರಿ ಅಂತ ನಾನು ಕೇಳದೇ ಹೋದದ್ದು ತಪ್ಪು."

ಮರುದಿನ ಟೋಪಿ ಬಿಚ್ಚಿ, ಬಕ್ರಂ ತೆಗೆದು, ಮೆತ್ತನೆ ಬಟ್ಟೆ ಇಟ್ಟು ಹೊಲಿದೆ. ಅಂದಿನಿಂದ ಯಾರೇ ಹಾಡಲು ಬಂದರೂ ಇವರು ಮೊದಲು ಕೇಳುತ್ತಿದ್ದುದು ಶ್ರುತಿ ಅಲ್ಲ, "ಅವತ್ತು ತಲೆಗೆ ಏನು ಹಾಕ್ತೀರಿ?" ಅಂತ. "ಈಯಪ್ಪ ಸೌಂಡಿನವನೋ ದರ್ಜಿಯೋ" ಎಂದು ಹೊಸಬರು ನಗುತ್ತಿದ್ದರು. ಇವರು ನನ್ನನ್ನು ತೋರಿಸಿ, "ದರ್ಜಿ ಅವಳು. ನಾನು ಅವಳ ಕೈಯಲ್ಲಿ ಕಲಿತೋನು" ಅನ್ನುತ್ತಿದ್ದರು.

ಹೋದ ವರ್ಷ ಅವರ ಶ್ವಾಸಕೋಶ ಕೆಟ್ಟಿತು. ಕೊನೆಯ ವಾರ ಗಂಟಲಿಗೆ ಕೊಳವೆ ಹಾಕಿದ್ದರು, ಮಾತಿಲ್ಲ. ಒಂದು ಬೆಳಿಗ್ಗೆ ನೋಡಲು ಬಿಡುವ ಹೊತ್ತಿನಲ್ಲಿ ನೆಂಟರೆಲ್ಲ ಒಟ್ಟಿಗೆ ಬಂದರು. ಮಗಳು ಔಷಧಿ ತರಲು ಹೋಗಿದ್ದಳು. ನಾದಿನಿ ಅಳುತ್ತಿದ್ದಳು. ಮೈದುನ ಡಾಕ್ಟರ ಮೇಲೆ ಕೂಗಾಡುತ್ತಿದ್ದ. ಅತ್ತಿಗೆ ಬೇರೆ ಆಸ್ಪತ್ರೆಯ ಗುಣಗಾನ ಮಾಡುತ್ತಿದ್ದಳು. ದೊಡ್ಡಕ್ಕ ಕೋಲು ಹಿಡಿದು ಬಂದು ಮೂಲೆಯಲ್ಲಿ ನಿಂತಿದ್ದರು. ನಾನು ಯಜಮಾನರ ಕಾಲ ಬುಡದಲ್ಲಿ ಸುಮ್ಮನೆ ಕೂತಿದ್ದೆ.

ಅವರ ಕೈ ಎದ್ದಿತು. ನೆಂಟರ ಕಡೆ ಬೆರಳು ತೋರಿಸಿ ಅಂಗೈ ಕೆಳಗೆ ಮಾಡಿದರು. ನೀರು ಬೇಕೇನೋ ಎಂದಳು ಅತ್ತಿಗೆ. ಆಮೇಲೆ ನನ್ನ ಕಡೆ ಬೆರಳು ತೋರಿಸಿ ಅಂಗೈ ಮೇಲೆ ಮಾಡಿದರು.

ದೊಡ್ಡಕ್ಕನಿಗೆ ಅರ್ಥವಾಯಿತು. ಕೋಲಿನಿಂದ ನೆಲ ಕುಟ್ಟಿ, "ಎಲ್ರೂ ಸ್ವಲ್ಪ ತಗ್ಗಿಸಿ" ಎಂದರು. ಕೋಣೆ ಸುಮ್ಮನಾಯಿತು.

ನಾನು ಎದ್ದು ಯಜಮಾನರ ತಲೆಯ ಬಳಿ ಹೋದೆ. ಅವತ್ತೂ ಏನು ಮಾತಾಡುವುದು ಎಂದು ತೋಚಲಿಲ್ಲ.

"ಒಂದು" ಎಂದೆ. "ಎರಡು. ಮೂರು."

ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕೈಯನ್ನು ಹೊದಿಕೆಯ ಮೇಲೆ ಮಟ್ಟವಾಗಿ ಚಾಚಿ, ಹಾಗೇ ಹಿಡಿದರು.