ನೀರಿಲ್ಲೆ ಎಂಬ ನಮ್ಮ ಊರು

ಬಸ್ಸಿನ ಕಂಡಕ್ಟರು "ಯಾರ್ರೀ ನೀರಿಲ್ಲೆ?" ಎಂದು ಕೂಗಿದರೆ ಹೊಸಬರು ಈಗಲೂ ನಗುತ್ತಾರೆ. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಒಳಗೆ ಸಿಗುವ ನಮ್ಮ ಊರಿನ ಹೆಸರೇ ಅದು. ಇರುವುದು ಬೆರಳೆಣಿಕೆಯ ಮನೆ. ಇಲ್ಲಿಯ ತೋಟದವರ ಮಾತಿನಲ್ಲಿ ಹಾಗೆಂದರೆ ನೀರು ಇಲ್ಲ ಎಂದು. ನಾನು ಬನವಾಸಿ ಕಡೆಯವಳು. ನಮ್ಮ ಕಿವಿಗೆ ಅದು ನೀರು ಇಲ್ಲೇ ಇದೆ ಎಂದಂತೆ ಕೇಳುತ್ತದೆ.

ನಾವು ಇಲ್ಲಿ ಜಾಗ ಕೊಂಡು ಮನೆ ಕಟ್ಟಲು ಹೊರಟಾಗ ಮೇಲಿನ ಮನೆಯ ಅಜ್ಜಿ ಎಚ್ಚರಿಸಿದ್ದರು.

"ಆ ಜಾಗದಲ್ಲಿ ಬಾವಿ ತೋಡಿರೆ ನೀರು ಸಿಕ್ತಿಲ್ಲೆ ತಂಗಿ. ಊರಿನ ಹೆಸರು ಕೇಳಿದ್ದಿಲ್ಯ?"

"ನಮ್ ಮಾತ್ನಾಗ ಅದಕ್ಕ ನೀರು ಇಲ್ಲೇ ಐತಿ ಅಂತ ಅರ್ಥರಿ ಅಜ್ಜಿ."

"ಹಂಗಾರೆ ನಿಮ್ಮ ಮಾತಲ್ಲೇ ತೋಡ್ಸು" ಎಂದು ನಕ್ಕರು.

ತೋಡಿಸಿದೆವು. ಕೆಂಪು ಮಣ್ಣು ಮುಗಿದು ಚಿರೆಕಲ್ಲು ಬಂತು, ಅದರ ಕೆಳಗೆ ಕರಿಬಂಡೆ. ತೇವ ಕೂಡ ಇಲ್ಲ. ಅಡಿಪಾಯ ಹಾಕಿಯಾಗಿತ್ತು, ಸಿಮೆಂಟು ಕಲಸಲು ನೀರಿಲ್ಲ. ಮೇಸ್ತ್ರಿ ಬೇರೆ ಕೆಲಸ ನೋಡಿಕೊಳ್ಳುತ್ತೇನೆ ಅಂದ. ಜಾಗ ಮಾರಿ ಹಿಂದಕ್ಕೆ ಹೋಗೋಣ ಅಂದರು ನಮ್ಮನೆಯವರು. ನನಗೂ ಬೇರೆ ದಾರಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ, ಅಜ್ಜಿಯ ತೋಟದ ಒರತೆಯಿಂದ ಬೇಲಿ ದಾಟಿ ಇಳಿದ ಕರಿ ಪೈಪು ನಮ್ಮ ಡ್ರಮ್ಮು ತುಂಬಿಸುತ್ತಿತ್ತು. ಜೋಡಿಸಿದ ಕಡೆ ಸೋರದಂತೆ ಹಳೆ ಸೀರೆಯ ಚೂರು ಸುತ್ತಿದ್ದರು.

ನಾನು ಕೈಮುಗಿಯಲು ಹೋದರೆ ಅಜ್ಜಿ ಊರಿನ ಹೆಸರಿನ ಕಥೆ ತೆಗೆದರು. ಹಿಂದೊಂದು ಬೇಸಿಗೆಯಲ್ಲಿ ನಮ್ಮ ಕಡೆಯ ಗಾಡಿಯವರು ಬಂದು ನೀರು ಕೇಳಿದರಂತೆ. ಮನೆಯಾಕೆ ಒಳಗಿನಿಂದಲೇ "ನೀರಿಲ್ಲೆ" ಅಂದಳಂತೆ. ಇವರು "ಇಲ್ಲೇ ಐತಂತ" ಎಂದು ಖುಷಿಯಾಗಿ ಎತ್ತು ಬಿಚ್ಚಿಯೇ ಬಿಟ್ಟರಂತೆ.

"ಬಿಚ್ಚಿದ ಮೇಲೆ ಎಂತ ಮಾಡುದು? ಒರತೆಗೆ ಹೋಗಿ ಹೊತ್ತು ತಂದು ಕೊಟ್ಲಡ. ಈಗ ನೀನೂ ಎತ್ತು ಬಿಚ್ಚಿ ಆತಲ."

ಆ ನೀರಿನಲ್ಲೇ ಗೋಡೆ ಎದ್ದಿತು, ಹಾಲು ಉಕ್ಕಿತು. ಈಗ ಪಂಚಾಯತಿ ನಲ್ಲಿ ಬಂದಿದೆ. ಆದರೂ ಪೈಪು ತೆಗೆಯಲು ನನಗೆ ಮನಸ್ಸಿಲ್ಲ, ಅಜ್ಜಿಯೂ ಕೇಳಿಲ್ಲ. ಬೆಳಗಿನ ಚಹಾಕ್ಕೆ ಅದೇ ನೀರು. ಸುತ್ತಿದ ಬಟ್ಟೆ ಜೀರ್ಣವಾದಾಗಲೆಲ್ಲ ನನ್ನದೊಂದು ಹಳೆ ಸೀರೆ ಹರಿದು ಕಟ್ಟುತ್ತೇನೆ. ಬೇಸಿಗೆ ಬಂತೆಂದರೆ ತವರಿನಿಂದ ಫೋನು ಬರುತ್ತದೆ, ನೀರಿಗೆ ಏನು ಮಾಡುತ್ತೀ ಎಂದು. ನಾನು ಊರಿನ ಹೆಸರು ಹೇಳುತ್ತೇನೆ. ಅವರಿಗೆ ಅಷ್ಟು ಸಾಕು.