ಪೋತ್ನಾಳದ ಸೈರನ್

ದೆವ್ವ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ನಂಬುವವರನ್ನು ಕಂಡರೆ ಒಳಗೊಳಗೇ ನಗುತ್ತಿದ್ದೆ. ಈಗ ನಂಬುತ್ತೇನೆಂದೂ ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಎಂಬತ್ತರ ದಶಕದ ಕೊನೆ. ನಾನು ದೇವದುರ್ಗದವನು, ಗೆಳೆಯ ಖಾಜಾ ಮಾನ್ವಿಯವನು. ರಾಯಚೂರಿನಲ್ಲಿ ಕೋಣೆ ಹಿಡಿದು, ಒಂದು ಕಂಪ್ಯೂಟರ್ ಇಟ್ಟುಕೊಂಡು ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುತ್ತಿದ್ದೆವು. ಖಾಜಾನ ಚಾಚಾ, ಅಂದರೆ ಚಿಕ್ಕಪ್ಪ, ಪೋತ್ನಾಳದ ಒಂದು ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ತಂದೆಯಿಲ್ಲದ ಖಾಜಾನನ್ನು ಓದಿಸಿದವರು ಅವರೇ. ಬಾಯ್ಲರ್ ಬಹಳ ಹಳೆಯದು. ಒತ್ತಡ ಮಿತಿಮೀರಿದರೆ ಮಿಲ್ಲಿನ ಕರೆಂಟ್ ಸೈರನ್ ತಾನಾಗಿ ಕೂಗುವಂಥ ಪ್ರೋಗ್ರಾಂ ಮಾಡಬೇಕೆಂದು ಖಾಜಾ ಹಟ ಹಿಡಿದಿದ್ದ.

ಅವನದೊಂದು ಶಿಸ್ತಿತ್ತು. ಬರೆದ ಮೂಲ ಪ್ರೋಗ್ರಾಂ ಕಂಪ್ಯೂಟರಿನ ಒಂದು ಡೈರೆಕ್ಟರಿಯಲ್ಲಿ. ಅದನ್ನು ಕಂಪೈಲ್ ಮಾಡಿ ಯಂತ್ರಕ್ಕೆ ತಿಳಿಯುವಂತೆ ಕಟ್ಟುವುದು, ಓಡಿಸಿ ಪರೀಕ್ಷಿಸುವುದು ಎಲ್ಲ ಅದರ ಹೊರಗೆ, ಬೇರೊಂದು ಡೈರೆಕ್ಟರಿಯಲ್ಲಿ. "ಏನು ಹಾಳಾದ್ರೂ ಹೊರಗ ಹಾಳಾಗ್ಲಿ, ಮೂಲಕ್ಕ ಧಕ್ಕಿ ಆಗಬಾರ್ದು," ಎನ್ನುತ್ತಿದ್ದ.

ಅಂದು ಹಾಗೆ ಹೊರಗೆ ಕಟ್ಟಿದ ಪ್ರೋಗ್ರಾಂಗೆ ನಾವೇ ಸುಳ್ಳು ಒತ್ತಡದ ಅಂಕಿಗಳನ್ನು ಕೊಡುತ್ತ ಹೋದೆವು. ಮಿತಿ ದಾಟಿದೊಡನೆ ಪರದೆಯ ಮೇಲೆ 'ಸೈರನ್' ಎಂಬ ಪದ ಒಂದೇ ಸಮನೆ ಮೂಡತೊಡಗಿತು. ಅದೇ ಹೊತ್ತಿಗೆ ಪಕ್ಕದ ಮಸೀದಿಯಿಂದ ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಕೇಳಿಸಿತು. ಕಂಪ್ಯೂಟರಿನಿಂದ ಎಲ್ಲಿಗೂ ತಂತಿ ಎಳೆದಿರಲಿಲ್ಲ. ಮಿಲ್ಲಿಗೆ ನಮ್ಮ ಒಂದು ಸಾಮಾನೂ ಹೋಗಿರಲಿಲ್ಲ. ಎಷ್ಟು ಹೊತ್ತು ಕೆಡದೆ ಓಡುತ್ತದೋ ನೋಡೋಣವೆಂದು ಅದನ್ನು ಹಾಗೇ ಬಿಟ್ಟು ಚಹಾ ಕುಡಿಯಲು ಹೋದೆವು. ಬಂದು ನಿಲ್ಲಿಸಿದೆವು.

ದೀಪ ಹಚ್ಚುವ ಹೊತ್ತಿಗೆ ಸುದ್ದಿ ಬಂತು. ಬಾಯ್ಲರ್ ಸಿಡಿದು ಚಾಚಾ ತೀರಿಕೊಂಡಿದ್ದರು.

ಆ ರಾತ್ರಿಯೇ ಪೋತ್ನಾಳಕ್ಕೆ ಹೋದೆವು. ನಡೆದದ್ದನ್ನು ನಮಗೆ ಹೇಳಿದವಳು ಮಿಲ್ಲಿನಲ್ಲಿ ಭತ್ತ ಹರವುವ ನಿಂಗಮ್ಮ. ಅಸರ್ ಅಜಾನ್ ಆಗುತ್ತಿದ್ದಾಗ ಸೈರನ್ ಕೂಗತೊಡಗಿತಂತೆ. ಹೆದರಿ ಎಲ್ಲರೂ ರಸ್ತೆಗೆ ಓಡಿದರಂತೆ, ಚಾಚಾ ಕೂಡ. ಎಷ್ಟು ಹೊತ್ತಾದರೂ ಅದು ನಿಲ್ಲಲಿಲ್ಲ. ಬಂದ್ ಮಾಡಿ ಬರುತ್ತೇನೆಂದು ಚಾಚಾ ಒಬ್ಬರೇ ಒಳಗೆ ಹೋದರು. ಆಮೇಲೆ ಸಿಡಿಯಿತು.

"ಆವಾಗ ಊರಾಗ ಕರೆಂಟೇ ಇರ್ಲಿಲ್ರಿ," ಅಂದಳು ನಿಂಗಮ್ಮ. "ಹೆಂಗ ಕೂಗ್ತೋ ಯಾರಿಗೂ ತಿಳೀವಲ್ದು. ಅದು ಕೂಗ್ಲಿಲ್ಲಂದ್ರ ನಾವ್ಯಾರೂ ಉಳೀತಿದ್ದಿಲ್ಲ, ಯಪ್ಪಾ."

ಖಾಜಾ ನನ್ನ ಮುಖ ನೋಡಿದ.

ಮರುದಿನ ಮಣ್ಣಾದ ಮೇಲೆ ಅವನು ಖಬರಸ್ತಾನದ ಗೋಡೆಗೆ ಒರಗಿ ಕುಳಿತಿದ್ದ. ಯಾರೋ ಗುಂಡಿ ಒತ್ತಿರಬೇಕು, ಆ ಗಳಿಗೆಗೆ ಕರೆಂಟ್ ಬಂದು ಹೋಗಿರಬೇಕು, ಎಲ್ಲ ಕಾಕತಾಳೀಯ ಎಂದು ನಾನು ಏನೇನೋ ಹೇಳಿದೆ. ಹೇಳುತ್ತಿದ್ದ ನನಗೇ ಅದು ಒಪ್ಪಿಗೆಯಾಗುತ್ತಿರಲಿಲ್ಲ. ಅವನು ಎಲ್ಲವನ್ನೂ ಕೇಳಿಸಿಕೊಂಡ.

"ನಾವು ಚಾ ಕುಡ್ಯಾಕ ಹೋಗ್ದ ಪ್ರೋಗ್ರಾಂ ಅಲ್ಲೇ ನಿಲ್ಲಿಸಿದ್ರ, ಚಾಚಾ ಒಳಗ ಹೋಗ್ತಿದ್ದಿಲ್ಲಲ್ಲ?" ಎಂದ.

ನಾನೂ ಅವನ ಪಕ್ಕದಲ್ಲಿ ಅದೇ ಗೋಡೆಗೆ ಒರಗಿ ಕುಳಿತುಕೊಂಡೆ.